ಉಗುರು ಕಂಡರೆ ನಾಯಿ

ಹೋದ ವಾರ ಮೇಲೂರಿನ ಅಮ್ಮನ ಮನೆಗೆ ಹೋಗಿದ್ದೆ. ಹುಳುಗಳು ಎರಡನೇ ಜ್ವರಕ್ಕೆ ಕೂತಿದ್ದವು. ರೇಷ್ಮೆ ಹುಳು ಮೇಯುವುದನ್ನು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂತು ಚರ್ಮ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಸೊಪ್ಪಿನ ಹಾಸಿಗೆ ಒಣಗಿರಲಿ ಎಂದು ಮೇಲೆ ತೆಳ್ಳಗೆ ಸುಣ್ಣದ ಪುಡಿ ಹಾಕುತ್ತಾರೆ. ಅಮ್ಮ ಮೂಗಿಗೆ ಸೆರಗು ಕಟ್ಟಿಕೊಂಡು ಜರಡಿ ಅಲ್ಲಾಡಿಸುತ್ತಿದ್ದಳು. ಹುಳುಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಮೂಗಿಗೆ ಆ ಸುಣ್ಣದ ವಾಸನೆ ಹೊಡೆದದ್ದೇ ತಡ, ಮಂಡಿಕಲ್ ಕಡೆಯ ಒಂದು ಕುಂಟೆ, ಅಲ್ಲಿನ ಚಳಿ, ಒಂದು ನಾಯಿಯ ಮುಖ ಎಲ್ಲ ಒಟ್ಟಿಗೆ ನೆನಪಾದವು. ಸುಣ್ಣದ ವಾಸನೆಗೆ ನಾಯಿ ನೆನಪಾಗುವ ಫಾರೆಸ್ಟ್ ಗಾರ್ಡು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಈಗ ನಾನು ಗೌರಿಬಿದನೂರಿನ ಕಡೆ ಇದ್ದೇನೆ. ಹೆಜ್ಜೆ ಗುರುತು ನೋಡಿ ಇದು ಇಂಥ ಪ್ರಾಣಿ ಎಂದು ಹೇಳುವುದರಲ್ಲಿ ನಮ್ಮ ರೇಂಜಿನಲ್ಲಿ ನನ್ನ ಮಾತಿಗೆ ಎದುರಿಲ್ಲ. ಜಂಬಕ್ಕೆ ಹೇಳುತ್ತಿಲ್ಲ; ಸ್ವಲ್ಪ ಜಂಬಕ್ಕೂ ಹೇಳುತ್ತಿದ್ದೇನೆ ಅನ್ನಿ. ಆದರೆ ಆ ವಿದ್ಯೆ ನನಗೆ ಹತ್ತಿದ್ದು ಟ್ರೈನಿಂಗಿನಲ್ಲಲ್ಲ. ಮೊದಲನೇ ಪೋಸ್ಟಿಂಗಿನ ಚಳಿಗಾಲದಲ್ಲಿ, ಅದರಲ್ಲೂ ಒಂದು ಸೋಮವಾರದಿಂದ ಭಾನುವಾರದವರೆಗಿನ ಏಳು ದಿನದಲ್ಲಿ.

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಆ ಊರಿನವರು ಬಸ್ಸು ಹತ್ತಿ ಬಂದು ಕೇಳುವ ಪೈಕಿ. ಮಂಡಿಕಲ್ಲಿನಿಂದ ಬೈಕಿನಲ್ಲಿ ಅರ್ಧ ಗಂಟೆ, ಬೆಟ್ಟದ ಬುಡದಲ್ಲಿರುವ ಊರು ಅಂದರೆ ಸಾಕು. ಆ ಬೀಟಿಗೆ ನಾನೇ ಮೊದಲನೇ ಹೆಣ್ಣು ಗಾರ್ಡು. ಖಾಕಿ ಹಾಕಿಕೊಂಡು ಬೈಕಿನಿಂದ ಇಳಿದ ದಿನ ಹೆಂಗಸರು ಬಾಗಿಲಿಗೆ ಬಂದು ನೋಡಿದರು, ಗಂಡಸರು ನೋಡದ ಹಾಗೆ ನೋಡಿದರು. ಹಲ್ಲಿ ಕಂಡರೆ ಕಿರುಚುತ್ತಾಳೋ ಏನೋ ಎಂದು ಅರಳಿಕಟ್ಟೆಯಲ್ಲಿ ಮಾತಾಗಿತ್ತಂತೆ. ನಾನು ರೇಷ್ಮೆ ಹುಳುವಿನ ಜೊತೆ ಮಲಗಿ ಬೆಳೆದವಳು, ಹಲ್ಲಿ ನನಗೆ ಯಾವ ಲೆಕ್ಕ? ಊರ ಅಂಚಿನಲ್ಲಿ ಒಂದು ರೂಮು ಹಿಡಿದೆ. ಮೂರು ತಿಂಗಳಲ್ಲಿ ಬೆಟ್ಟದ ಎಲ್ಲ ದಾರಿಯೂ ನನ್ನ ಕಾಲಿಗೆ ಪರಿಚಯವಾಯಿತು.

ಆ ವರ್ಷ ಮಳೆ ಚೆನ್ನಾಗಿ ಬಿದ್ದಿತ್ತು. ಬೆಟ್ಟದಿಂದ ಇಳಿದ ನೀರು ನಿಲ್ಲುವ ಕುಂಟೆ ಊರಿಗೂ ಕಾಡಿಗೂ ನಡುವೆ ಇದೆ. ಕೆರೆಯ ಮರಿ ಅಂದುಕೊಳ್ಳಿ. ಅದು ತುಂಬಿ ಕೋಡಿ ಹರಿದಿತ್ತು. ರಾಗಿ ಕಟಾವು ಮುಗಿದು ಊರ ಸುತ್ತ ಮೆದೆಗಳು ಎದ್ದಿದ್ದವು. ಎಲ್ಲರ ಮನೆಯಲ್ಲೂ ಅವರೆಕಾಯಿ, ಎಲ್ಲರ ಕೈಯಲ್ಲೂ ಅದರ ಸೊಗಡು. ಬೆಳಗ್ಗೆ ಎಂಟು ಗಂಟೆಯಾದರೂ ಮಂಜು ಬಿಡುತ್ತಿರಲಿಲ್ಲ. ಕುಂಟೆಯ ನೀರು ಮಾತ್ರ ದಿನಕ್ಕಿಷ್ಟು ಹಿಂದಕ್ಕೆ ಸರಿದು, ದಂಡೆಯಲ್ಲಿ ನುಣ್ಣನೆಯ ಕೆಸರು ಬಿಟ್ಟು ಹೋಗುತ್ತಿತ್ತು. ಹೆಜ್ಜೆ ನೋಡುವವರಿಗೆ ಅಂಥ ಕೆಸರು ಸಿಕ್ಕಿದರೆ ಬೇರೇನೂ ಬೇಡ.

ನಾನು ದಿನಾ ಬೆಳಗ್ಗೆ ಅಲ್ಲಿ ಹೋಗಿ ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ನವಿಲಿನ ಮೂರು ಬೆರಳು, ಕಾಡುಹಂದಿಯ ಗೊರಸು, ಮುಳ್ಳುಹಂದಿ ಹೋದ ಕಡೆಯಲ್ಲಿ ಅದರ ಮುಳ್ಳು ಎಳೆದ ಗೀರು, ಕಾಡುಬೆಕ್ಕಿನ ದುಂಡನೆಯ ಪಾದ. ಎಲ್ಲಕ್ಕೂ ಪಕ್ಕದಲ್ಲಿ ಸ್ಕೇಲಿಟ್ಟು ಮೊಬೈಲಿನಲ್ಲಿ ಫೋಟೊ ತೆಗೆದು ಡೈರಿಯಲ್ಲಿ ಬರೆಯುತ್ತಿದ್ದೆ. ಟ್ರೈನಿಂಗಿನಲ್ಲಿ ಹೆಜ್ಜೆ ಪರೀಕ್ಷೆಗೆ ನಾನೇ ಫಸ್ಟು. ಆ ಫಸ್ಟಿನ ಬಿಸಿ ಇನ್ನೂ ಆರಿರಲಿಲ್ಲ.

ಆ ಊರಲ್ಲಿ ಒಂದು ಪದ್ಧತಿ ಇದೆ. ರಾಗಿ ಕೊಯ್ದು ಹೊಲ ಖಾಲಿಯಾದ ಮೇಲೆ ನಾಲ್ಕೈದು ಮನೆಯವರು ತಮ್ಮ ಕುರಿಗಳನ್ನೆಲ್ಲ ಒಟ್ಟು ಸೇರಿಸಿ, ಸುತ್ತ ಬಲೆ ಕಟ್ಟಿ, ಒಬ್ಬೊಬ್ಬರ ಹೊಲದಲ್ಲಿ ಎರಡೆರಡು ರಾತ್ರಿ ಮಂದೆ ನಿಲ್ಲಿಸುತ್ತಾರೆ. ಹೊಲಕ್ಕೆ ಗೊಬ್ಬರ ಆಗುತ್ತದೆ. ಮಂದೆ ಕಾಯುವ ಕೆಲಸ ಆಂಜಿನಮ್ಮನದು. ಗಂಡ ಹೋಗಿ ಹತ್ತು ವರ್ಷ. ಅವನ ತುಂಬುತೋಳಿನ ಅಂಗಿಯನ್ನು ಸೀರೆಯ ಮೇಲೆ ಹಾಕಿಕೊಂಡು, ಬಲೆಯ ಪಕ್ಕದಲ್ಲೇ ಕಂಬಳಿ ಹಾಸಿ ಮಲಗುವವಳು. ಅವಳ ಮೂವತ್ತು ಕುರಿ ಆ ಮಂದೆಯಲ್ಲೇ ಇರುತ್ತಿದ್ದವು. ಕಾಯುವುದಕ್ಕೆ ಅವಳಿಗೆ ಮನೆಮನೆಯಿಂದ ರಾಗಿ ಬರುತ್ತಿತ್ತು. ವರ್ಷದ ಮುದ್ದೆ ಅದರಲ್ಲೇ ನಡೆಯಬೇಕು. ಅವಳ ಜೊತೆ ಒಂದು ನಾಯಿ. ಕಂದು ಬಣ್ಣ, ಒಂದು ಕಿವಿ ತುದಿ ಹರಿದದ್ದು, ಎಮ್ಮೆಕರುವಿನಷ್ಟು ಎದೆ. ಹೆಸರು ಟೈಗರ್. ನನ್ನ ಬೀಟಿನಲ್ಲಿದ್ದ ಏಕೈಕ ಟೈಗರ್ ಅದೇ ಎಂದು ನಾನು ನಮ್ಮ ಆಫೀಸಿನಲ್ಲಿ ತಮಾಷೆ ಮಾಡುತ್ತಿದ್ದೆ.

ಆ ಸೋಮವಾರ ಬೆಳಗ್ಗೆ ಪಿಳ್ಳೇಗೌಡರು ಫೋನು ಮಾಡಿದರು. ಊರಿನ ದೊಡ್ಡ ಕುಳ, ದೊಡ್ಡ ಗಂಟಲು. ಅವರ ಕುರಿಗಳು ಇನ್ನೂ ಮಂದೆಗೆ ಸೇರಿರಲಿಲ್ಲ. ಕುಂಟೆಯ ಹತ್ತಿರ ಬೇಲಿ ಹಾಕಿದ ರೊಪ್ಪದಲ್ಲೇ ಕೂಡಿಹಾಕಿದ್ದರು. ಬೆಳಗ್ಗೆ ನೋಡಿದರೆ ಒಂದು ಕುರಿ ಸತ್ತು ಬಿದ್ದಿದೆ, ಇನ್ನೊಂದು ಇಲ್ಲವೇ ಇಲ್ಲ. ನಾನು ಹೋಗುವಷ್ಟರಲ್ಲಿ ಅರ್ಧ ಊರು ಅಲ್ಲಿತ್ತು. ಬೆಟ್ಟದ ಕಡೆಯ ತೋಟಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೊರಟಿದ್ದ ಹೆಂಗಸರು ಅರ್ಧ ದಾರಿಯಲ್ಲೇ ನಿಂತಿದ್ದರು.

"ಚಿರತೆ ಮೇಡಂ, ನೂರಕ್ಕೆ ನೂರು ಚಿರತೆ. ಬೋನು ತರ್ಸಿ," ಎಂದರು ಗೌಡರು.

ನಾನು ಕುಂಟೆಯ ದಂಡೆಗೆ ಹೋದೆ. ಕೆಸರಿನಲ್ಲಿ ಹೆಜ್ಜೆಗಳು ಸಾಲಾಗಿ ಬಿದ್ದಿದ್ದವು. ಎಲ್ಲರೂ ಸುತ್ತ ನಿಂತು ನೋಡುತ್ತಿದ್ದರು. ಇಂಥ ದಿನಕ್ಕಾಗಿಯೇ ನಾನು ಖಾಕಿ ಹಾಕಿದ್ದೆ ಅನ್ನಿಸಿ ಒಳಗೊಳಗೇ ಖುಷಿಯಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಫೋಟೊ ತೆಗೆದೆ, ಅಳತೆ ತೆಗೆದೆ, ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಗೌಡ್ರೇ, ಬೆಕ್ಕಿನ ಜಾತಿ ನಡೆಯೋವಾಗ ಉಗುರು ಒಳಗೆ ಎಳ್ಕೊಂಡಿರುತ್ತೆ. ಚಿರತೆನೂ ಅಷ್ಟೆ, ನಿಮ್ಮನೆ ಬೆಕ್ಕೂ ಅಷ್ಟೆ. ಹೆಜ್ಜೇಲಿ ಉಗುರು ಬೀಳಲ್ಲ. ಇಲ್ನೋಡಿ, ನಾಲ್ಕು ಬೆರಳು, ನಾಲ್ಕರ ಮುಂದೂ ಉಗುರು. ಉಗುರು ಕಂಡ್ರೆ ನಾಯಿ. ಒಂದು ದೊಡ್ಡ ನಾಯಿ, ಅದರ ಜೊತೆ ಒಂದು ಚಿಕ್ಕದು."

ಹಿಂದಿನಿಂದ ಯಾರೋ, "ದೊಡ್ಡ ನಾಯಿ ಅಂದ್ರೆ ಊರಲ್ಲಿ ಇರೋದು ಒಂದೇ," ಎಂದರು. ಎಲ್ಲರ ತಲೆಗಳೂ ಒಂದೇ ಸಲ ಆಂಜಿನಮ್ಮನ ಕಡೆ ತಿರುಗಿದವು. ಅವತ್ತು ಮಂದೆ ಕುಂಟೆಯ ಆಚೆ ದಡದ ಹೊಲದಲ್ಲಿತ್ತು. ಟೈಗರ್ ಅವಳ ಪಕ್ಕದಲ್ಲೇ ನಿಂತಿತ್ತು. ನಾಲ್ಕು ಕಾಲಿಗೂ ಕೆಸರು.

"ಅವ್ನು ನೀರು ಕುಡಿಯಾಕೆ ದಿನಾ ಇಲ್ಲಿಗೇ ಬರ್ತಾನೆ. ಕೆಸರಾಗದೆ ಇನ್ನೇನಾಗ್ತದೆ?" ಎಂದಳು ಅವಳು. ಆಮೇಲೆ ನನ್ನ ಕಡೆ ತಿರುಗಿದಳು. "ಏನಮ್ಮಾ ಗಾರ್ಡಮ್ಮ, ಇನ್ನೊಂದು ಕುರಿ ಎಲ್ಲಿಗೋಯ್ತು? ನನ್ ನಾಯಿ ಅದನ್ನ ಹೆಗಲ ಮೇಲೆ ಹೊತ್ಕೊಂಡು ಬೆಟ್ಟ ಹತ್ತುತಾ?"

ಜನ ನಕ್ಕರು. ನಾನೂ ನಕ್ಕೆ. "ಎರಡು ನಾಯಿ ಸೇರಿದ್ರೆ ಎಳ್ಕೊಂಡು ಹೋಗ್ತಾವೆ ಅಕ್ಕ," ಎಂದೆ. ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಕೊಟ್ಟದ್ದು ಪರೀಕ್ಷೆಯಲ್ಲಿ ಗೊತ್ತಿಲ್ಲದ ಪ್ರಶ್ನೆಗೆ ಬರೆಯುವಂಥ ಉತ್ತರ. ಆ ನಗು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಕುರಿಗೆ ಬಾಯಿ ಹಾಕಿದ ನಾಯಿಯನ್ನು ಆ ಊರಲ್ಲಿ ಇಟ್ಟುಕೊಳ್ಳುವುದಿಲ್ಲ. ರುಚಿ ಹತ್ತಿದ ಮೇಲೆ ಬಿಡುವುದಿಲ್ಲ ಎಂಬುದು ಅವರ ಲೆಕ್ಕ. ಅದನ್ನು ಸಾಕಿದವರೇ ಮುಗಿಸಬೇಕು. ಇಲ್ಲದಿದ್ದರೆ ಅವರ ಕುರಿಯನ್ನು ಯಾರೂ ಮಂದೆಗೆ ಸೇರಿಸುವುದಿಲ್ಲ, ಅವರ ಕೈಗೆ ಮಂದೆ ಕೊಡುವುದೂ ಇಲ್ಲ.

"ಭಾನುವಾರ ಮಂದೆ ನನ್ ಹೊಲಕ್ಕೆ ಬರ್ಬೇಕು," ಎಂದರು ಗೌಡರು. "ಅಷ್ಟರೊಳಗೆ ಆ ನಾಯಿ ಇರ್ಬಾರ್ದು ಆಂಜಿನಮ್ಮ. ಇದ್ರೆ ನಿನ್ ಕುರಿ ಬೇರೆ, ನಮ್ ಕುರಿ ಬೇರೆ. ಮಂದೆ ಕಾಯಾಕೆ ಬೇರೆಯೋರ್ನ ನೋಡ್ಕೋತೀವಿ."

"ನಾಯಿ ಕೊಲ್ಲೋದು ತಪ್ಪಾಗುತ್ತೆ ಗೌಡ್ರೇ," ಎಂದೆ.

"ನಾವೆಲ್ಲಿ ಕೊಲ್ತೀವಿ ಮೇಡಂ? ಸಾಕ್ದೋರು ನೋಡ್ಕೋತಾರೆ. ನಾಯಿ ಅಂತ ಹೇಳಿದ್ದು ನೀವೇ ಅಲ್ವಾ?"

ಹೇಳಿದ್ದು ನಾನೇ. ಚಿರತೆ ಎಂದು ಒಂದೇ ಹಟ ಹಿಡಿದಿದ್ದ ಮನುಷ್ಯನನ್ನು ನಾಯಿಗೆ ತಿರುಗಿಸಿದ್ದು ನಾನೇ.

ಅವತ್ತು ಸಂಜೆ ರೂಮಿನ ಮುಂದೆ ಅವರೆಕಾಳು ಸುಲಿಯುತ್ತ ಕೂತಿದ್ದೆ. ಆಂಜಿನಮ್ಮ ಟೈಗರನ್ನು ಸರಪಳಿಯಲ್ಲಿ ಹಿಡಿದುಕೊಂಡು ಬಂದಳು. ನನ್ನ ಬಾಗಿಲ ಪಕ್ಕದ ಕಲ್ಲುಕಂಬಕ್ಕೆ ಕಟ್ಟಿದಳು.

"ಇದೇನಕ್ಕಾ?"

"ನಿನ್ ಕಣ್ಮುಂದೇನೇ ಇರ್ಲಿ. ಇವ್ನು ಇಲ್ಲಿರೋವಾಗ ಇನ್ನೊಂದು ಕುರಿ ಸತ್ರೆ, ಆಗ ಏನ್ ಹೇಳ್ತೀಯೋ ನೋಡಣ. ಹಾಲು ಹಾಕ್ಬೇಡ, ಹೊಟ್ಟೆ ಕೆಡ್ತದೆ. ಮುದ್ದೆ ಹಾಕು."

ಹೀಗೆ ಆರೋಪಿಯೂ ನಾನೂ ಒಂದೇ ಸೂರಿನ ಕೆಳಗೆ ಬಂದೆವು. ಮೊದಲ ದಿನ ಅದು ನನ್ನ ಕಡೆ ನೋಡಲೇ ಇಲ್ಲ. ಬೆಟ್ಟದ ಕಡೆ ಮುಖ ಮಾಡಿ ಕೂತಿತ್ತು. ನನಗೆ ಮುದ್ದೆ ಮಾಡಲು ಬರುತ್ತಿರಲಿಲ್ಲ, ಗಂಟು ಗಂಟಾಗುತ್ತಿತ್ತು; ಅದನ್ನು ಮೂಸಿ ನೋಡಿ, ಬೇರೆ ದಾರಿಯಿಲ್ಲ ಎಂಬಂತೆ ತಿನ್ನುತ್ತಿತ್ತು. ಬುಧವಾರ ಬಂತು, ಇನ್ನೊಂದು ಕುರಿ ಸಾಯಲಿಲ್ಲ. ಊರಿಗೆ ಅಷ್ಟೇ ಸಾಕಾಯಿತು. "ನೋಡಿದ್ರಾ, ನಾಯಿ ಕಟ್ಟಾಕಿದ್ ಮೇಲೆ ಎಲ್ಲಾ ತಣ್ಣಗಾಯ್ತು," ಎಂದು ಹಾಲಿನ ಡೈರಿಯ ಮುಂದೆ ನನಗೇ ಹೇಳಿ ಬೆನ್ನು ತಟ್ಟಿದರು. ಹಾಗೆಂದು ಚಿರತೆಯ ಭಯ ಅವರ ಮನಸ್ಸಿನಿಂದ ಪೂರ್ತಿ ಹೋಗಿರಲಿಲ್ಲ. ಗೌಡರು ದಿನಾ ಸಂಜೆ ಕುಂಟೆಯ ಹತ್ತಿರ ಪಟಾಕಿ ಹೊಡೆಸುತ್ತಿದ್ದರು, ಯಾವುದಕ್ಕೂ ಇರಲಿ ಎಂದು.

ಗುರುವಾರ ಬೆಳಗ್ಗೆ ಬಟ್ಟೆ ಒಗೆದು ಬಕೆಟ್ಟಿನ ನೀರು ಅಂಗಳಕ್ಕೆ ಚೆಲ್ಲಿದೆ. ಟೈಗರ್ ಸರಪಳಿ ಎಳೆಯುವಷ್ಟು ದೂರ ಆ ಒದ್ದೆ ಮಣ್ಣಿನ ಮೇಲೆ ಓಡಾಡಿತು. ಹೆಜ್ಜೆ ಕಂಡರೆ ಕೂತು ನೋಡುವುದು ನನ್ನ ಚಾಳಿ, ಕೂತು ನೋಡಿದೆ. ಮುಂಗಾಲಿನದು, ಹಿಂಗಾಲಿನದು. ಮುಂದಿನದು ಒಂದು ಗುಲಗಂಜಿಯಷ್ಟು ದೊಡ್ಡದು, ಅಷ್ಟೇ. ಬೆರಳುಗಳು ಬಿಡಿಬಿಡಿಯಾಗಿದ್ದವು. ಏನೋ ಸರಿಯಿಲ್ಲ ಅನ್ನಿಸಿತು. ಒಳಗೆ ಹೋಗಿ ಮೊಬೈಲು ತಂದು ಸೋಮವಾರದ ಫೋಟೊಗಳನ್ನು ತೆಗೆದೆ.

ನಾನು ದೊಡ್ಡ ನಾಯಿ, ಚಿಕ್ಕ ನಾಯಿ ಎಂದಿದ್ದೆನಲ್ಲ, ಆ ಎರಡು ಹೆಜ್ಜೆ. ಪ್ರತಿಯೊಂದು ದೊಡ್ಡ ಹೆಜ್ಜೆಯ ಹಿಂದೆಯೂ ಒಂದು ಚಿಕ್ಕದು. ಕೆಲವು ಕಡೆ ಚಿಕ್ಕದು ದೊಡ್ಡದರ ಹಿಮ್ಮಡಿಯನ್ನೇ ತುಳಿದಿತ್ತು. ಎಡಕ್ಕೆ ಎಡ, ಬಲಕ್ಕೆ ಬಲ. ಎಲ್ಲಾದರೂ ಒಂದು ನಾಯಿ ಇನ್ನೊಂದು ನಾಯಿಯ ಹಿಂದೆ ಇಡೀ ದಂಡೆಯುದ್ದಕ್ಕೂ ಒಂದು ಹೆಜ್ಜೆಯೂ ತಪ್ಪದೆ ಹೀಗೆ ನಡೆಯುತ್ತದೆಯೇ? ಅದು ಎರಡು ಪ್ರಾಣಿಯಲ್ಲ. ಮುಂಗಾಲು ದೊಡ್ಡದಾಗಿ, ಹಿಂಗಾಲು ಚಿಕ್ಕದಾಗಿ ಇರುವ ಒಂದೇ ಪ್ರಾಣಿ. ಬೆರಳುಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಉಗುರು ಇತ್ತು, ನಿಜ. ಆದರೆ ಉಗುರು ಕಾಣುವ ಪ್ರಾಣಿಯೆಲ್ಲ ನಾಯಿಯೇ ಆಗಬೇಕು ಎಂದು ಯಾರು ಹೇಳಿದ್ದರು? ನಾನೇ, ನನಗೇ.

ಕತ್ತೆಕಿರುಬ, ಇಂಗ್ಲಿಷಿನ ಹೈನಾ. ಟ್ರೈನಿಂಗಿನಲ್ಲಿ ಒಂದು ಚಿತ್ರ ತೋರಿಸಿ ಪುಟ ತಿರುಗಿಸಿದ್ದರು. ನಮ್ಮ ಕಡೆ ಈಗ ಎಲ್ಲಿದೆ ಎಂದುಕೊಂಡು ನಾನೂ ಮನಸ್ಸಿನಲ್ಲಿ ಪುಟ ತಿರುಗಿಸಿದ್ದೆ. ಕುರಿಯನ್ನು ಕಚ್ಚಿಕೊಂಡು ಬೆಟ್ಟಕ್ಕೆ ಎಳೆದುಕೊಂಡು ಹೋಗುವಷ್ಟು ಬಲವಾದ ಕತ್ತು ಅದಕ್ಕಿದೆ. ನನಗೆ ನಾಚಿಕೆಯಾಯಿತು, ಭಯವೂ ಆಯಿತು. ಟೈಗರ್ ನನ್ನನ್ನೇ ನೋಡುತ್ತಿತ್ತು, ತಿಂಡಿಗೆ ಹೊತ್ತಾಯಿತು ಎಂಬ ಹಾಗೆ.

ಸುಮ್ಮನಿದ್ದುಬಿಡಬಹುದಿತ್ತು. ಡೈರಿಯಲ್ಲಿ ನಾಯಿ ಎಂದು ಬರೆದಾಗಿತ್ತು. ಮೊದಲನೇ ಪೋಸ್ಟಿಂಗು, ಮೊದಲನೇ ಹೆಣ್ಣು ಗಾರ್ಡು. ಒಂದು ಸಲ ಹೇಳಿದ್ದನ್ನು ಬದಲಾಯಿಸಿದರೆ ಆಮೇಲೆ ನಾನು ಮರ ಎಂದರೆ ಮರವೋ ಗಿಡವೋ ಎಂದು ಪಿಳ್ಳೇಗೌಡರು ಕೇಳುತ್ತಾರೆ. ಇದೆಲ್ಲ ಯೋಚನೆ ಬಂದದ್ದು ನಿಜ. ಆದರೆ ಬಂದಷ್ಟೇ ಬೇಗ ಹೋಯಿತು. ಎದುರಿಗೇ ನಾಯಿ ಕೂತಿರುವಾಗ ಅಂಥ ಯೋಚನೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಆಂಜಿನಮ್ಮ ಕುರಿ ಮೇಯಿಸುತ್ತಿದ್ದ ಕಡೆಗೇ ಹೋಗಿ ಫೋಟೊ ತೋರಿಸಿ ಹೇಳಿದೆ. ಅವಳ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅರಳಲಿಲ್ಲ.

"ನನಗೆ ಹೇಳಿದ್ರೆ ಏನ್ ಬಂತು?" ಎಂದಳು. "ನನಗೆ ಮೊದ್ಲೇ ಗೊತ್ತಿತ್ತು. ಊರ ಮುಂದೆ ಹೇಳ್ದೋಳು ಊರ ಮುಂದೇನೇ ಹೇಳು."

"ಹೇಳ್ತೀನಿ. ಆದ್ರೆ ಫೋಟೊ ಯಾರೂ ನಂಬಲ್ಲ ಅಕ್ಕ. ಕುಂಟೆ ದಂಡೇನ ಜನ ಎಲ್ಲಾ ತುಳಿದಾಕವ್ರೆ. ಹೊಸ ಹೆಜ್ಜೆ ಬೇಕು."

"ಭಾನುವಾರಕ್ಕೆ ಮೂರೇ ದಿನ ಕಣಮ್ಮ," ಎಂದಳು. ಆಗ ಅವಳ ದನಿ ಒಡೆಯಿತು. "ನಾನು ಹೊಲದಾಗೆ ಒಬ್ಳೇ ಮಲಗೋಳು. ಅವ್ನು ನನಗೆ ಬಾಗ್ಲು ಇದ್ದಂಗೆ. ಬಾಗ್ಲಿಲ್ಲದ ಮನೇಲಿ ಯಾರು ಮಲಗ್ತಾರೆ ಹೇಳು."

ಅಲ್ಲಿಂದ ನೇರ ಗೌಡರ ಮನೆಗೆ ಹೋದೆ. ಜಗುಲಿಯಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದರು. ಪಟಾಕಿ ನಿಲ್ಲಿಸಬೇಕು, ಆ ಸದ್ದಿಗೆ ಯಾವ ಪ್ರಾಣಿಯೂ ನೀರಿಗೆ ಇಳಿಯುವುದಿಲ್ಲ, ಕುಂಟೆಯ ಹತ್ತಿರ ಸಂಜೆಯ ಮೇಲೆ ಯಾರೂ ಹೋಗಬಾರದು, ಅದು ನಾಯಿ ಹೌದೋ ಅಲ್ಲವೋ ನಾನು ಇನ್ನೊಂದು ಸಲ ನೋಡಬೇಕು ಎಂದೆ.

"ನೀವೇ ನಾಯಿ ಅಂದ್ರಿ. ಈಗ ನೀವೇ ಅಲ್ಲ ಅಂತೀರಾ?"

"ಹೌದು, ನಾನೇ ಅಂದೆ. ಅದಕ್ಕೇ ನಾನೇ ನೋಡ್ಬೇಕು. ಪಟಾಕಿ ನಿಲ್ಸಿ ಗೌಡ್ರೇ."

ನನ್ನ ದನಿ ನಡುಗಲಿಲ್ಲ. ಅದಕ್ಕೆ ನಾನು ಇವತ್ತಿಗೂ ನನ್ನನ್ನು ಮೆಚ್ಚಿಕೊಳ್ಳುತ್ತೇನೆ. ಅವರು ಗೊಣಗಿಕೊಂಡು ಒಪ್ಪಿದರು. ನನಗೆ ಹೆದರಿ ಅಲ್ಲ. ಕಾಡುಪ್ರಾಣಿ ಎಂದಾದರೆ ಪರಿಹಾರದ ಅರ್ಜಿ ಹಾಕಬಹುದು ಎಂಬುದು ಅವರಿಗೆ ನನಗಿಂತ ಮೊದಲೇ ಹೊಳೆದಿತ್ತು.

ಇನ್ನು ಹೆಜ್ಜೆ ಬೀಳುವುದಕ್ಕೆ ಜಾಗ ಬೇಕಲ್ಲ. ಸೋಮವಾರದ ಕೆಸರು ಆಗಲೇ ಒಣಗಿ ಗಟ್ಟಿಯಾಗಿತ್ತು; ಹೊಸ ಕೆಸರನ್ನು ಪಟಾಕಿಯವರ ಚಪ್ಪಲಿಗಳು ನೀರಿನ ಅಂಚಿನವರೆಗೂ ತುಳಿದಿದ್ದವು. ನುಣ್ಣನೆಯ ಮಣ್ಣು ಹರಡಬೇಕು ಎಂದು ಕಲಿಸಿದ್ದರು. ಅಲ್ಲಿನ ಮಣ್ಣಿನಲ್ಲಿ ಅರ್ಧಕ್ಕರ್ಧ ಕಲ್ಲು. ಅಮ್ಮನಿಗೆ ಫೋನು ಮಾಡಿ ಗೋಳು ಹೇಳಿಕೊಂಡೆ. ಅಮ್ಮನಿಗೆ ಕಾಡುಪ್ರಾಣಿ ಗೊತ್ತಿಲ್ಲ, ಪುಡಿ ಗೊತ್ತು.

"ಹುಳು ಮೇಲೆ ಹಾಕೋ ಸುಣ್ಣ ಐತಲ್ಲೇ," ಎಂದಳು. "ಇಲಿ ಓಡಾಡಿದ್ರೆ ಅದ್ರ ಬಾಲದ ಗೀರು ಸಮೇತ ಕಾಣ್ತದೆ. ನಮ್ಮ ಹುಳುಮನೇಲಿ ಇಲಿ ಬಂದಿದ್ದು ನನಗೆ ಗೊತ್ತಾಗೋದು ಹೆಂಗೆ ಅಂದ್ಕೊಂಡಿದ್ದೆ? ಎರಡು ಚೀಲ ಬಂದು ಎತ್ಕೊಂಡೋಗು. ತೆಳ್ಳಗೆ ಹಾಕು ಕಣೇ, ಗಾಳಿ ಬೆನ್ನಿಗಿರ್ಲಿ."

ಶುಕ್ರವಾರ ಮಧ್ಯಾಹ್ನ ಮೇಲೂರಿನಿಂದ ಎರಡು ಚೀಲ ಸುಣ್ಣ, ಒಂದು ಜರಡಿ ಬೈಕಿಗೆ ಕಟ್ಟಿಕೊಂಡು ಬಂದೆ. ಸಂಜೆ ಬಿಸಿಲು ಇಳಿಯುವ ಮೊದಲು ನಾನೂ ಆಂಜಿನಮ್ಮನೂ ಕುಂಟೆಗೆ ಹೋದೆವು. ಪೊರಕೆಯಲ್ಲಿ ಕಲ್ಲು ಗುಡಿಸಿ, ಬೆಟ್ಟದ ಕಡೆಯಿಂದ ನೀರಿಗೆ ಇಳಿಯುವ ದಾರಿಗಳಿಗೆ ಅಡ್ಡಲಾಗಿ, ಹಾಸಿಗೆಯಷ್ಟು ಅಗಲಕ್ಕೆ ಸುಣ್ಣ ಜರಡಿ ಹಿಡಿದೆವು. ನೀರಿಗೆ ಬೀಳದ ಹಾಗೆ, ಪಾದ ಸುಡದ ಹಾಗೆ, ರಂಗೋಲಿಗಿಂತ ತೆಳ್ಳಗೆ. ನನ್ನ ಜರಡಿಯಿಂದ ಗಂಟು ಬಿದ್ದ ಕಡೆಯಲ್ಲೆಲ್ಲ ಅವಳೇ ಬಗ್ಗಿ ಕೈಯಿಂದ ಸವರಿ ಸರಿಮಾಡಿದಳು.

ಶನಿವಾರ ಬೆಳಗ್ಗೆ ಮಂಜಿನಲ್ಲಿ ಕೈ ಕಾಣುತ್ತಿರಲಿಲ್ಲ. ರಾತ್ರಿ ಬಿದ್ದ ಇಬ್ಬನಿಗೆ ಸುಣ್ಣ ಕೊಂಚ ಕಚ್ಚಿಕೊಂಡು, ಗೋಡೆಗೆ ಬಳಿದ ಹಾಗೆ ನಿಂತಿತ್ತು. ಅಮ್ಮ ಹೇಳಿದ್ದು ಸರಿ: ಬಿದ್ದ ಹೆಜ್ಜೆಯ ಒಂದೊಂದು ಅಂಚೂ ಕಡಿದಿಟ್ಟಂತಿತ್ತು. ಮೊಲ ಕುಪ್ಪಳಿಸಿತ್ತು. ಮುಂಗುಸಿ ಬಂದು ಹೋಗಿತ್ತು. ಮುಳ್ಳುಹಂದಿ ಅಡ್ಡ ಹಾದು ತನ್ನ ಮುಳ್ಳಿನಿಂದ ಗುಡಿಸಿತ್ತು. ನನಗೆ ಬೇಕಾದದ್ದು ಬಂದಿರಲಿಲ್ಲ. ನಾನು ಮತ್ತೆ ಮತ್ತೆ ಆ ತುದಿಯಿಂದ ಈ ತುದಿಗೆ ನಡೆದೆ. ಆಂಜಿನಮ್ಮ ಒಂದು ಕಲ್ಲಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು.

"ಇನ್ನೊಂದು ಚೀಲ ಐತಲ್ಲ," ಎಂದು ಅವಳೇ ಎದ್ದಳು.

ಅವತ್ತು ಸಂಜೆ ಮತ್ತೆ ಹಾಕಿದೆವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ದಿನ ಜರಡಿ ಹಿಡಿದ ಕೈಗೆ ಸತ್ತಂಥ ನಿದ್ದೆ ಬಂತು. ಟೈಗರ್ ಬಾಗಿಲ ಹೊರಗೆ ಸರಪಳಿಯಲ್ಲಿ ಇತ್ತು. ಬೆಳಗ್ಗೆ ನಾನು ಎದ್ದಾಗಲೂ ಅಲ್ಲೇ ಇತ್ತು.

ಭಾನುವಾರ. ಕುಂಟೆಗೆ ಹೋಗುವ ಇಳಿಜಾರಿನಲ್ಲೇ ಕಂಡಿತು. 'ಇದು ಅದೇ' ಎಂದು ಮನಸ್ಸು ಹೇಳಿತು. ಮನಸ್ಸಿನ ಮಾತನ್ನು ಆ ವಾರ ಒಂದು ಸಲ ಕೇಳಿದ್ದಾಗಿತ್ತು, ಈಗ ಕೇಳಲಿಲ್ಲ. ಕೂತೆ. ಎಣಿಸಿದೆ. ಅಳೆದೆ. ದೊಡ್ಡದು, ಅದರ ಹಿಂದೆ ಚಿಕ್ಕದು. ಹಿಂದಿನದು ಮುಂದಿನದರ ಮುಕ್ಕಾಲಿನಷ್ಟೂ ಇಲ್ಲ. ಒತ್ತಿಕೊಂಡ ಬೆರಳು, ಮೊಂಡು ಉಗುರು. ಬೆಟ್ಟದಿಂದ ಬಂದು ನೀರು ಕುಡಿದು ಬೆಟ್ಟಕ್ಕೇ ವಾಪಸು. ಎರಡು ಸಾಲು, ಒಂದೇ ಪ್ರಾಣಿ. ಮೂರು ಸಲ ಅಳೆದ ಮೇಲೆ ಎದ್ದು ಗೌಡರಿಗೆ ಫೋನು ಮಾಡಿದೆ. ಎಲ್ಲರನ್ನೂ ಕರೆದುಕೊಂಡು ಬನ್ನಿ, ಸುಣ್ಣ ತುಳಿಯಬೇಡಿ ಎಂದೆ.

ಊರು ಬಂತು. ಸೋಮವಾರ ನಿಂತಿದ್ದ ಹಾಗೆಯೇ ಸುತ್ತ ನಿಂತರು. ಆಂಜಿನಮ್ಮ ನನ್ನ ರೂಮಿನಿಂದ ಟೈಗರನ್ನು ಬಿಚ್ಚಿಕೊಂಡು ಬಂದಿದ್ದಳು. ನಾನು ಹೇಳಿದ ಹಾಗೆ ಆ ಹೆಜ್ಜೆಸಾಲಿನ ಪಕ್ಕದಲ್ಲೇ ಹೊಸ ಸುಣ್ಣದ ಮೇಲೆ ಅವನನ್ನು ನಡೆಸಿದಳು. ಅವನು ಆ ಸಾಲನ್ನು ಮೂಸಿದ, ಕತ್ತಿನ ಕೂದಲೆಲ್ಲ ನಿಂತವು, ಗುರ್ ಎಂದ. ಆದರೂ ಅವಳ ಹಿಂದೆ ನಡೆದ. ಪಕ್ಕಪಕ್ಕದಲ್ಲಿ ಎರಡು ಸಾಲು ಬಿದ್ದವು. ಎಂಟು ವರ್ಷದ ಮಗುವಿಗೂ ಬೇರೆ ಬೇರೆ ಎಂದು ಗೊತ್ತಾಗುವಂತಿತ್ತು.

"ನಾಯಿದು ಮುಂದಿನ ಪಾದ, ಹಿಂದಿನ ಪಾದ ಹೆಚ್ಚುಕಮ್ಮಿ ಒಂದೇ ಸೈಜು," ಎಂದೆ. "ಇದ್ರದ್ದು ನೋಡಿ. ಇದು ಕತ್ತೆಕಿರುಬ."

ಆಂಜಿನಮ್ಮ ಬಗ್ಗಿ ನೋಡಿದಳು. "ಅಯ್ಯೋ ದೇವುಡಾ, ದುಮ್ಮುಲಗೊಂಡಿ," ಎಂದು ತೆಲುಗಿನಲ್ಲಿ ಅಂದಳು. "ನಮ್ಮಮ್ಮ ಹೇಳ್ತಿದ್ಲು. ಈ ಬೆಟ್ಟದಾಗೆ ಇನ್ನೂ ಐತಾ?"

ಇದೆ, ಮನುಷ್ಯರ ಮೈಮೇಲೆ ಬರುವ ಪ್ರಾಣಿಯಲ್ಲ, ಊರಾಚೆ ಹಳ್ಳಕ್ಕೆ ಕೋಳಿಫಾರಮ್ಮಿನವರು ಸತ್ತ ಕೋಳಿ ಎಸೆಯುತ್ತಿದ್ದಾರಲ್ಲ ಅದರ ವಾಸನೆಗೆ ಇಳಿದಿದೆ, ಅದನ್ನು ಹೂಳಿಸಿದರೆ ಮತ್ತು ರೊಪ್ಪಕ್ಕೆ ಗಟ್ಟಿ ಬಾಗಿಲು ಮಾಡಿಸಿದರೆ ಆಯಿತು ಎಂದೆಲ್ಲ ಹೇಳಿದೆ. ಸೊಪ್ಪಿನ ಹೆಂಗಸರು ನಾಲ್ಕು ಪ್ರಶ್ನೆ ಕೇಳಿದರು, ನಾಲ್ಕಕ್ಕೂ ಉತ್ತರ ಕೊಟ್ಟೆ. ಗೌಡರು ಅರ್ಜಿ ಎಲ್ಲಿ ಕೊಡಬೇಕು ಎಂದು ಕೇಳಿದರು, ಅದನ್ನೂ ಹೇಳಿದೆ. ಎಲ್ಲ ಚೆನ್ನಾಗಿ ಮುಗಿಯಿತು ಎಂದುಕೊಂಡು ಸ್ಕೇಲು ಜೇಬಿಗೆ ಹಾಕಿಕೊಂಡೆ.

"ಸೋಮವಾರ ನೀನು ಹೇಳಿದ್ದು?" ಎಂದಳು ಆಂಜಿನಮ್ಮ.

ಎಲ್ಲರೂ ನನ್ನ ಕಡೆ ನೋಡಿದರು.

"ಸೋಮವಾರ ಗುರುತಿಸೋದ್ರಲ್ಲಿ ಸ್ವಲ್ಪ ಗೊಂದಲ ಆಗಿತ್ತು ಅಕ್ಕ. ಕೆಸರಲ್ಲಿ ಹೆಜ್ಜೆ ಅಗಲ ಆಗಿರುತ್ತಲ್ಲ."

"ಗೊಂದಲ ಅಂದ್ರೆ ಏನಮ್ಮಾ?" ಅವಳು ಜಗಳದ ದನಿಯಲ್ಲಿ ಕೇಳಲಿಲ್ಲ. ಗೊತ್ತಿಲ್ಲದ ಮಾತಿನ ಅರ್ಥ ಕೇಳುವ ಹಾಗೆ ಕೇಳಿದಳು. "ಭಾನುವಾರ ಇವ್ನ ಕತ್ತಿಗೆ ನಾನು ನನ್ ಕೈಯಾರೆ ಹಗ್ಗ ಹಾಕ್ಬೇಕಾಗಿತ್ತು. ಇವತ್ತು ಭಾನುವಾರ."

ಕುಂಟೆಯ ಮೇಲೆ ಮಂಜು ಏಳುತ್ತಿತ್ತು. ಸೋಮವಾರ ಎಷ್ಟು ಜೋರಾಗಿ ಹೇಳಿದ್ದೆನೋ ಅಷ್ಟೇ ಜೋರಾಗಿ, ಹಿಂದೆ ನಿಂತವರಿಗೂ ಕೇಳುವ ಹಾಗೆ ಹೇಳಿದೆ.

"ತಪ್ಪು. ನಾನು ನೋಡಿದ್ದು ತಪ್ಪು, ಹೇಳಿದ್ದೂ ತಪ್ಪು. ಟೈಗರ್ ಏನೂ ಮಾಡಿಲ್ಲ."

ಯಾರೂ ನಗಲಿಲ್ಲ. ಗೌಡರು ಮಂಕಿ ಕ್ಯಾಪ್ ತೆಗೆದು ಮತ್ತೆ ಹಾಕಿಕೊಂಡರು. "ಆಂಜಿನಮ್ಮ, ಸಾಯಂಕಾಲ ಮಂದೆ ನನ್ ಹೊಲಕ್ಕೇ ಹೊಡ್ಕೊಂಡ್ ಬಾ. ನನ್ ಕುರಿನೂ ಸೇರ್ಸ್ಕೋ," ಎಂದರು. ಅವಳು ಸರಪಳಿಯನ್ನು ಅವನ ಕತ್ತಿನಿಂದ ಬಿಚ್ಚಿ ನನ್ನ ಕೈಗೆ ಕೊಟ್ಟು, ನಾಯಿಯ ಜೊತೆ ಹೊರಟುಹೋದಳು.

ನಾನು ರೂಮಿಗೆ ಹೋಗಿ ಡೈರಿಯಲ್ಲಿ ಸೋಮವಾರದ ಪುಟ ತೆಗೆದೆ. ನಾಯಿ ಎಂದು ಬರೆದಿದ್ದರ ಮೇಲೆ ಗೀಟು ಎಳೆದು, ತಪ್ಪಾಗಿ ಗುರುತಿಸಲಾಗಿದೆ ಎಂದು ಬರೆಯಹೊರಟು, ಗುರುತಿಸಿದ್ದೇನೆ ಎಂದು ಬರೆದೆ. ಮೇಲಿನವರು ಆ ಪುಟ ನೋಡಿ ಏನೂ ಅನ್ನಲಿಲ್ಲ. ಬಹುಶಃ ಓದಿರಲಿಲ್ಲ.

ಸಂಜೆ ಗಸ್ತು ಮುಗಿಸಿ ಬರುವಾಗ ಗೌಡರ ಹೊಲದ ಮೇಲೆ ಬಂದೆ. ಬಲೆ ಕಟ್ಟಿಯಾಗಿತ್ತು. ಐದು ಮನೆಯ ಕುರಿಗಳೂ ಒಂದರ ಮೈಗೊಂದು ಒತ್ತಿಕೊಂಡು ಮೆಲುಕು ಹಾಕುತ್ತಿದ್ದವು. ಆಂಜಿನಮ್ಮ ಮೂರು ಕಲ್ಲಿನ ಮೇಲೆ ಪಾತ್ರೆ ಇಟ್ಟು ಬೆಂಕಿ ಹಚ್ಚುತ್ತಿದ್ದಳು. ನಾನು ಬೈಕು ನಿಲ್ಲಿಸಿ ಬದುವಿನ ಮೇಲೆ ಬಂದು ನಿಂತೆ. ಟೈಗರ್ ಬಲೆಯ ಬಾಯಲ್ಲಿ ಮಲಗಿದ್ದವನು ಎದ್ದ. ನನ್ನ ಅಂಗಳದಲ್ಲಿ ಆರು ರಾತ್ರಿ ಕಳೆದವನು, ಗುರುತು ಹಿಡಿದೇ ಇರುತ್ತಾನೆ. ಆದರೂ ಮುಂದೆ ಬಂದು, ನಾಲ್ಕು ಕಾಲೂ ನೆಲಕ್ಕೆ ಊರಿ, ಹೊರಗಿನವರನ್ನು ಬೊಗಳುವ ಹಾಗೆ ನನ್ನನ್ನು ಬೊಗಳಿದ.

ಆಂಜಿನಮ್ಮ ತಲೆ ಎತ್ತಿ ನೋಡಿದಳು. ಸುಮ್ಮನಿರು ಎಂದು ಅವನಿಗೆ ಹೇಳಲಿಲ್ಲ.

ಅವನು ಬೊಗಳಿ ಮುಗಿಸುವವರೆಗೆ ನಾನು ಬದುವಿನ ಮೇಲೆ ನಿಂತೇ ಇದ್ದೆ.